ಎಕ್ಸ್‌ಪ್ರೆಸ್ ಓಡಿಸುವವರು ಯಾರು?

ದಾವಣಗೆರೆಯಲ್ಲಿ ವಾದಕ್ಕೆಂದೇ ಒಂದು ತಿಂಡಿ ಇದೆ. ಅದು ಬೆಣ್ಣೆ ದೋಸೆಯಲ್ಲ. ದೋಸೆ ಬೆಳಗಿನದು, ಬಿಸಿ ಆರುವ ಮೊದಲೇ ತಿಂದು ಕೈ ತೊಳೆದುಕೊಳ್ಳಬೇಕು, ಹಿಂದೆ ಇನ್ನೊಬ್ಬ ಜಾಗಕ್ಕೆ ಕಾಯುತ್ತಿರುತ್ತಾನೆ. ಮಿರ್ಚಿ ಮಂಡಕ್ಕಿ ಹಾಗಲ್ಲ. ಒಂದೊಂದೇ ಹಿಡಿ ಬಾಯಿಗೆ ಹಾಕಿಕೊಂಡು, ನಡುನಡುವೆ ಮಿರ್ಚಿ ಕಚ್ಚುತ್ತ, ಒಂದು ಪ್ಲೇಟನ್ನು ಗಂಟೆಗಟ್ಟಲೆ ಎಳೆಯಬಹುದು. ಸಂಜೆ ಅಂಗಡಿ ಮುಂದೆ ನಿಂತವರ ಮಾತು ಮೆಕ್ಕೆಜೋಳದ ರೇಟಿನಿಂದ ಶುರುವಾಗಿ, ಭದ್ರಾ ನಾಲೆಗೆ ನೀರು ಯಾವಾಗ ಬಿಡುತ್ತಾರೆ ಎಂಬಲ್ಲಿ ಸುತ್ತಿ, ಕಡೆಗೆ ಕ್ರಿಕೆಟ್‌ಗೆ ಬಂದು ನಿಲ್ಲುತ್ತದೆ. ಅಲ್ಲಿ ಬಂದರೆ ಬೇಗ ಮುಗಿಯುವುದಿಲ್ಲ.

‘ಬೌಲರ್‌ಗೆ ಕ್ಯಾಪ್ಟನ್ಸಿ ಕೊಡಬಾರದು ಕಣಲೇ.’

‘ಹಂಗಾದ್ರೆ ಕಪಿಲ್ ದೇವ್ ಏನ್ ಕೀಪರ್ ಆಗಿದ್ನಾ?’

ಈ ಎರಡು ಸಾಲಿನ ಜಗಳ ಈ ಊರಿನಲ್ಲಿ ವರ್ಷಗಟ್ಟಲೆ ನಡೆದಿದೆ. ಬೇರೆ ಊರುಗಳಲ್ಲಿ ಕರ್ನಾಟಕ ರಣಜಿ ತಂಡದ ನಾಯಕ ಯಾರೆಂದು ಕೇಳಿದರೆ ಅರ್ಧ ಜನ ತಲೆ ಕೆರೆದುಕೊಳ್ಳುತ್ತಾರೆ. ದಾವಣಗೆರೆಯಲ್ಲಿ ಮಾತ್ರ ಹಲವು ವರ್ಷ ಅದು ಮನೆ ವಿಷಯವಾಗಿತ್ತು. ಕಾರಣ ಒಬ್ಬ ವ್ಯಕ್ತಿ: 1984ರ ಫೆಬ್ರುವರಿ 12ರಂದು ಇಲ್ಲೇ ಹುಟ್ಟಿದ, ಆಟೊ ಓಡಿಸುತ್ತಿದ್ದ ತಂದೆಯ ಮಗ, ರಂಗನಾಥ್ ವಿನಯ್ ಕುಮಾರ್. ಪತ್ರಿಕೆಗಳು ಇಟ್ಟ ಹೆಸರು ದಾವಣಗೆರೆ ಎಕ್ಸ್‌ಪ್ರೆಸ್.

ಹೆಸರಲ್ಲೊಂದು ತಮಾಷೆ ಇದೆ. ವಿನಯ್ ಎಕ್ಸ್‌ಪ್ರೆಸ್ ವೇಗದ ಬೌಲರ್ ಆಗಿರಲೇ ಇಲ್ಲ. ಗಂಟೆಗೆ 130 ಕಿಲೋಮೀಟರ್ ಆಸುಪಾಸಿನ ಮಧ್ಯಮ ವೇಗ. ಹೊಸ ಚೆಂಡನ್ನು ಎರಡೂ ಕಡೆ ಹೊರಳಿಸುವುದು, ಒಂದೇ ಜಾಗದಲ್ಲಿ ದಿನವಿಡೀ ಬೀಳಿಸುವುದು, ನಿಧಾನದ ಚೆಂಡು ಯಾವಾಗ ಬರುತ್ತದೆಂದು ತಿಳಿಯದಂತೆ ಹಾಕುವುದು ಅವರ ಬಂಡವಾಳ. ಹುಬ್ಬಳ್ಳಿ–ಬೆಂಗಳೂರು ಮಾರ್ಗದ ಪ್ಯಾಸೆಂಜರ್ ಗಾಡಿಯಂತೆ ಎಲ್ಲ ಸ್ಟೇಷನ್ನಿನಲ್ಲೂ ನಿಲ್ಲುತ್ತ, ಆದರೆ ಹೊತ್ತಿಗೆ ಸರಿಯಾಗಿ ತಲುಪುವ ಬೌಲರ್ ಎನ್ನಬಹುದು. 2004-05ರಲ್ಲಿ ಕರ್ನಾಟಕಕ್ಕೆ ಆಡತೊಡಗಿ, 2021ರಲ್ಲಿ ನಿಲ್ಲಿಸುವ ಹೊತ್ತಿಗೆ ಪ್ರಥಮ ದರ್ಜೆಯಲ್ಲಿ 504 ವಿಕೆಟ್. ಭಾರತಕ್ಕೆ 31 ಏಕದಿನ, 9 ಟಿ20, ಒಂದೇ ಒಂದು ಟೆಸ್ಟ್.

ಆ ಒಂದು ಟೆಸ್ಟ್ ನಡೆದದ್ದು 2012ರ ಜನವರಿಯಲ್ಲಿ, ಪರ್ತ್‌ನಲ್ಲಿ. ಡೇವಿಡ್ ವಾರ್ನರ್ 69 ಎಸೆತಗಳಲ್ಲಿ ಶತಕ ಹೊಡೆದ ಪಂದ್ಯ ಅದು. ಶತಕ ಪೂರೈಸಿದ ಸಿಕ್ಸರ್ ಬಂದದ್ದು ವಿನಯ್ ಬೌಲಿಂಗ್‌ನಲ್ಲೇ. ಮರುವರ್ಷ ನವೆಂಬರ್ 2ರಂದು, ದೀಪಾವಳಿಯ ಹಿಂದಿನ ದಿನ, ಬೆಂಗಳೂರಿನ ಚಿನ್ನಸ್ವಾಮಿಯಲ್ಲಿ ಆಸ್ಟ್ರೇಲಿಯಾ ವಿರುದ್ಧ ರೋಹಿತ್ ಶರ್ಮಾ 209 ಬಾರಿಸಿ ಭಾರತವನ್ನು ಗೆಲ್ಲಿಸಿದ ಪಂದ್ಯದಲ್ಲಿ ವಿನಯ್ 9 ಓವರ್‌ಗೆ 102 ರನ್ ಕೊಟ್ಟರು. ತವರು ರಾಜ್ಯದ ಅಂಗಳದಲ್ಲೇ. ಭಾರತದ ಪರ ಅವರು ಆಡಿದ ಕೊನೆಯ ಏಕದಿನ ಪಂದ್ಯವೂ ಅದೇ ಆಯಿತು.

ಹೀಗೆ ಪೆಟ್ಟು ತಿಂದ ಬೌಲರ್ ರಾಜ್ಯ ತಂಡದ ನಾಯಕ. ಮಂಡಕ್ಕಿ ಅಂಗಡಿಯ ವಾದಕ್ಕೆ ಇದಕ್ಕಿಂತ ಒಳ್ಳೆಯ ಸೌದೆ ಬೇಕೇ?

ಬೌಲರ್ ನಾಯಕನಾಗಬಾರದು ಎನ್ನುವವರ ತರ್ಕ ಪೊಳ್ಳಲ್ಲ. ನಾಯಕನಿಗೆ ಮೈದಾನದಲ್ಲಿ ಅತಿ ಹೆಚ್ಚು ಕೆಲಸ ಬೀಳುವುದು ತನ್ನ ತಂಡ ಬೌಲಿಂಗ್ ಮಾಡುವಾಗ. ಯಾರಿಗೆ ಚೆಂಡು ಕೊಡಬೇಕು, ಸ್ಲಿಪ್‌ನಲ್ಲಿ ಎಷ್ಟು ಜನ, ಸ್ಪಿನ್ನರ್‌ನನ್ನು ಯಾವಾಗ ತರಬೇಕು, ಎಲ್ಲವೂ ಅದೇ ಹೊತ್ತಿನಲ್ಲಿ. ಸ್ಲಿಪ್‌ನಲ್ಲಿ ನಿಲ್ಲುವ ಬ್ಯಾಟರ್‌ಗೆ ಎಲ್ಲ ಕಾಣುತ್ತದೆ, ಉಸಿರೂ ಇರುತ್ತದೆ. ವೇಗದ ಬೌಲರ್ ಆರು ಎಸೆತ ಹಾಕಿ, ಬೆವರು ಒರೆಸಿಕೊಂಡು, ಬೌಂಡರಿ ಬಳಿ ಫೈನ್‌ಲೆಗ್‌ಗೆ ಹೋಗಿ ನಿಂತವನು ಅಲ್ಲಿಂದಲೇ ಕೈಸನ್ನೆಯಲ್ಲಿ ಸಂಸಾರ ನಡೆಸಬೇಕು. ತನಗೆ ತಾನೇ ಹೆಚ್ಚು ಓವರ್ ಕೊಟ್ಟುಕೊಂಡರೆ ಸ್ವಾರ್ಥಿ, ಕಡಿಮೆ ಕೊಟ್ಟುಕೊಂಡರೆ ಹೆದರಿದ. ಇತಿಹಾಸ ಮಾತ್ರ ಎದುರು ಪಾರ್ಟಿಯ ಪರ: ಕರ್ನಾಟಕಕ್ಕೆ 1973-74ರಲ್ಲಿ ಮೊದಲ ರಣಜಿ ಟ್ರೋಫಿ ತಂದುಕೊಟ್ಟ ನಾಯಕ ಎರಪಳ್ಳಿ ಪ್ರಸನ್ನ, ಅಪ್ಪಟ ಬೌಲರ್. ಹರಿಹರದ ಮೈಸೂರು ಕಿರ್ಲೋಸ್ಕರ್‌ನಲ್ಲಿ ಲೇತ್ ತಯಾರಾಗುತ್ತಿದ್ದ ಕಾಲ ಕಂಡ ಹಿರಿಯರು ಈ ಪಾಯಿಂಟನ್ನು ಬಿಟ್ಟುಕೊಡುವುದಿಲ್ಲ.

ಚಿನ್ನಸ್ವಾಮಿಯ ಆ 102 ರನ್‌ಗಳಾಗಿ ಮೂರು ತಿಂಗಳಿಗೆ, 2014ರ ಫೆಬ್ರುವರಿ ಆರಂಭದಲ್ಲಿ, ಹೈದರಾಬಾದಿನಲ್ಲಿ ಮಹಾರಾಷ್ಟ್ರವನ್ನು 7 ವಿಕೆಟ್‌ಗಳಿಂದ ಸೋಲಿಸಿ ವಿನಯ್ ಪಡೆ ರಣಜಿ ಟ್ರೋಫಿ ಎತ್ತಿತು. ಕರ್ನಾಟಕಕ್ಕೆ 15 ವರ್ಷಗಳ ಬಳಿಕ ಸಿಕ್ಕ ಕಪ್. ಅದಕ್ಕೂ ಮೊದಲು, 2010ರ ಜನವರಿಯಲ್ಲಿ ಮೈಸೂರಿನ ಫೈನಲ್‌ನಲ್ಲಿ ಮುಂಬೈ ಎದುರು 6 ರನ್‌ನಿಂದ ಕೈತಪ್ಪಿದ್ದ ಗಾಯ ಇನ್ನೂ ಹಸಿಯಾಗಿತ್ತು. ಮುಂದಿನ ಋತುವಿನ ಫೈನಲ್ 2015ರ ಮಾರ್ಚ್‌ನಲ್ಲಿ, ಮುಂಬೈನ ವಾಂಖೆಡೆಯಲ್ಲಿ, ತಮಿಳುನಾಡು ವಿರುದ್ಧ. ವಿನಯ್ 34 ರನ್‌ಗೆ 5 ವಿಕೆಟ್ ಕಿತ್ತು ಎದುರಾಳಿಯನ್ನು 134ಕ್ಕೆ ಮುಗಿಸಿದರು. ಆಮೇಲೆ ಕರುಣ್ ನಾಯರ್ 328, ಕೆ.ಎಲ್. ರಾಹುಲ್ 188. ಸ್ಕೋರು 762. ಈ ದೊಡ್ಡ ಸಂಖ್ಯೆಗಳ ನೆರಳಿನಲ್ಲಿ ಬಹಳ ಜನ ಮರೆಯುವ ಮಾತೊಂದಿದೆ: ಕೆಳ ಕ್ರಮಾಂಕದಲ್ಲಿ ಬಂದ ಬೌಲರ್ ನಾಯಕನೂ ಅಜೇಯ 105 ಹೊಡೆದಿದ್ದರು. ಗೆಲುವು ಇನಿಂಗ್ಸ್ ಮತ್ತು 217 ರನ್‌ಗಳಿಂದ.

ರಣಜಿ, ಇರಾನಿ, ವಿಜಯ್ ಹಜಾರೆ. ಎರಡು ಋತು ಸತತವಾಗಿ ಮೂರೂ ಕಪ್ ಕರ್ನಾಟಕದ ಮನೆಗೆ ಬಂದವು. ಆ ಎರಡು ವರ್ಷ ದಾವಣಗೆರೆಯಲ್ಲಿ ‘ಬೌಲರ್‌ಗೆ ಕ್ಯಾಪ್ಟನ್ಸಿ ಕೊಡಬಾರದು’ ಎನ್ನುವವನಿಗೆ ಮಿರ್ಚಿ ಸಿಕ್ಕಿದ್ದೇ ಹೆಚ್ಚು.

ಆದರೆ ಗೆದ್ದ ಕ್ಯಾಪ್ಟನ್‌ನ ಬಗ್ಗೆ ವಾದ ನಿಲ್ಲುವುದು ಮುಂದಿನ ಸೋಲಿನ ತನಕ ಮಾತ್ರ. 2015-16ರಲ್ಲಿ ತಂಡ ನಾಕೌಟ್‌ಗೇ ಹೋಗಲಿಲ್ಲ. 2016ರ ಡಿಸೆಂಬರ್‌ನಲ್ಲಿ ವಿಶಾಖಪಟ್ಟಣದ ಕ್ವಾರ್ಟರ್ ಫೈನಲ್‌ನಲ್ಲಿ ತಮಿಳುನಾಡು ಹಳೆಯ ಬಾಕಿ ತೀರಿಸಿಕೊಂಡಿತು. ಕರ್ನಾಟಕ ಮೊದಲ ಇನಿಂಗ್ಸ್‌ನಲ್ಲಿ 88ಕ್ಕೆ ಆಲೌಟಾಗಿ, ಐದು ದಿನದ ಪಂದ್ಯ ಎರಡೇ ದಿನಕ್ಕೆ ಮುಗಿಯಿತು. 2017ರ ಡಿಸೆಂಬರ್‌ನಲ್ಲಿ ನಾಗಪುರದ ಕ್ವಾರ್ಟರ್ ಫೈನಲ್‌ನಲ್ಲಿ ವಿನಯ್ ಮುಂಬೈ ವಿರುದ್ಧ ಹ್ಯಾಟ್ರಿಕ್ ಸಾಧಿಸಿದರು. ಮೊದಲ ಬಲಿ ಪೃಥ್ವಿ ಶಾ. 34 ರನ್‌ಗೆ 6 ವಿಕೆಟ್, ಇನಿಂಗ್ಸ್ ಗೆಲುವು. ಹತ್ತು ದಿನ ಕಳೆಯುವಷ್ಟರಲ್ಲಿ ಕೋಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ ಸೆಮಿಫೈನಲ್. ವಿದರ್ಭದ ವಿರುದ್ಧ 198 ಬೇಕಿತ್ತು. ರಜನೀಶ್ ಗುರ್ಬಾನಿ ಎಂಬ ಹುಡುಗ 7 ವಿಕೆಟ್ ಕಿತ್ತ. ಕರ್ನಾಟಕ 5 ರನ್‌ನಿಂದ ಸೋತಿತು.

ಐದು ರನ್ ಎಂದರೆ ಅಭಿಮಾನಿಗೆ ಜೀವಮಾನದ ಲೆಕ್ಕಾಚಾರ. ಅಲ್ಲೊಂದು ಸಿಂಗಲ್, ಇಲ್ಲೊಂದು ಮಿಸ್‌ಫೀಲ್ಡ್, ಆ ಬೌಲಿಂಗ್ ಬದಲಾವಣೆ ಒಂದು ಓವರ್ ಮೊದಲೇ ಮಾಡಿದ್ದರೆ. ದೊಡ್ಡ ಸೋಲು ಬೇಗ ಮರೆತುಹೋಗುತ್ತದೆ. ಸಣ್ಣ ಸೋಲು ಕ್ಯಾಪ್ಟನ್‌ನ ಹೆಗಲೇರಿ ಕೂರುತ್ತದೆ.

2018-19ರ ಋತು ಶುರುವಾದಾಗ ವಿನಯ್ ಅವರೇ ನಾಯಕ. ವಯಸ್ಸು 35ಕ್ಕೆ ಹತ್ತಿರ. ನಡುವೆ ಗಾಯ. ಋತುವಿನ ಕೊನೆಯ ಹಂತಕ್ಕೆ ಬರುವಾಗ ತಂಡ ಮನೀಶ್ ಪಾಂಡೆ ಕೈಯಲ್ಲಿತ್ತು, ವಿನಯ್ ಹನ್ನೊಂದರಲ್ಲಿ ಒಬ್ಬರಾಗಿದ್ದರು. ನೈನಿತಾಲ್‌ನಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಬೆಳೆದ ಪಾಂಡೆ 2009ರಲ್ಲಿ ಐಪಿಎಲ್‌ನ ಮೊದಲ ಭಾರತೀಯ ಶತಕ ಹೊಡೆದವರು. ಅವರ ಆಟದ ಬಗ್ಗೆ ಯಾರಿಗೂ ತಕರಾರಿರಲಿಲ್ಲ. ಆದರೆ ಈ ಸೀಮೆಯಲ್ಲಿ ಪ್ರಶ್ನೆ ಆಟದ್ದಾಗಿ ಉಳಿಯುವುದು ಹೇಗೆ? ‘ನಮ್ ಹುಡ್ಗನ್ನ ಇಳಿಸಿದ್ರು’ ಎಂಬ ಒಂದು ಕೂಗು. ‘ಎಷ್ಟ್ ದಿನ ಅಂತ ಅವನೇ ಇರಬೇಕಪ, ಹೊಸಬ್ರು ಬರಬಾರದಾ?’ ಎಂಬ ಇನ್ನೊಂದು. ಮೂರನೆಯವನು ಎರಡೂ ಸರಿ ಎಂದು ಹೇಳಿ ಇಬ್ಬರಿಂದಲೂ ಬೈಸಿಕೊಳ್ಳುತ್ತಾನೆ.

ಮೂರನೆಯವನು ಬಹುಶಃ ಹರಿಹರದವನು. ದಾವಣಗೆರೆಯಿಂದ 14 ಕಿಲೋಮೀಟರ್ ದೂರದ, ತುಂಗಭದ್ರೆ ದಡದ ಆ ಊರಿನಲ್ಲಿ ಹೊಯ್ಸಳರ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಕಟ್ಟಿಸಿದ ಹರಿಹರೇಶ್ವರ ದೇವಾಲಯವಿದೆ. ಒಳಗಿನ ಮೂರ್ತಿ ಅರ್ಧ ಹರಿ, ಅರ್ಧ ಹರ. ಯಾರು ದೊಡ್ಡವರೆಂಬ ಜಗಳವನ್ನು ಒಂದೇ ಕಲ್ಲಿನಲ್ಲಿ ಕಡೆದು ಬಗೆಹರಿಸಿದ ಊರು ಅದು. ಕ್ರಿಕೆಟ್ ತಂಡಕ್ಕೆ ಮಾತ್ರ ಈ ಪರಿಹಾರ ಒಗ್ಗುವುದಿಲ್ಲ. ಟಾಸ್ ಹಾಕಲು ಒಬ್ಬನೇ ಹೋಗಬೇಕು.

ಆದರೆ ಇದೇ ಹೊತ್ತಿನಲ್ಲಿ ಸಾವಿರಾರು ಮೈಲಿ ಆಚೆ ಒಬ್ಬ ಕೋಚ್ ಅರ್ಧ-ಅರ್ಧದ ಪರಿಹಾರವನ್ನೇ ಮಾಡಿ ನೋಡಿದ್ದ.

ಅಮೆರಿಕದ ಕಾಲೇಜು ಫುಟ್‌ಬಾಲ್ ಎಂದರೆ ಕಾಲಲ್ಲಿ ಒದೆಯುವ ನಮ್ಮ ಫುಟ್‌ಬಾಲ್ ಅಲ್ಲ. ಹೆಲ್ಮೆಟ್ ಹಾಕಿ, ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಗುದ್ದಾಡುವ ಆಟ. ಒಂದು ಕಡೆಗೆ ಹನ್ನೊಂದು ಜನ. ಹತ್ತು ಗಜ ಮುಂದೆ ಹೋಗಲು ನಾಲ್ಕು ಅವಕಾಶ. ಹೋದರೆ ಮತ್ತೆ ನಾಲ್ಕು, ಇಲ್ಲವಾದರೆ ಚೆಂಡು ಎದುರಾಳಿಗೆ. ಪ್ರತಿ ಅವಕಾಶದಲ್ಲೂ ಚೆಂಡು ಮೊದಲು ಬರುವುದು ಒಬ್ಬನ ಕೈಗೆ. ಅವನೇ ಕ್ವಾರ್ಟರ್‌ಬ್ಯಾಕ್. ಎರಡು ಮೂರು ಸೆಕೆಂಡಿನಲ್ಲಿ, ಮೈಮೇಲೆ ಬೀಳಲು ದೈತ್ಯರು ಓಡಿಬರುತ್ತಿರುವಾಗ, ಎಸೆಯಬೇಕೋ ಕೊಡಬೇಕೋ ತಾನೇ ಓಡಬೇಕೋ ನಿರ್ಧರಿಸಬೇಕು. ಕ್ರಿಕೆಟ್‌ನ ಕ್ಯಾಪ್ಟನ್, ಕೀಪರ್, ಕೊನೆಯ ಓವರ್ ಬೌಲರ್ ಮೂವರನ್ನೂ ಒಬ್ಬನಲ್ಲೇ ತುಂಬಿದ ಹಾಗೆ.

ಕಾಲೇಜು ಆಟ ಎಂದೊಡನೆ ನಮ್ಮ ಕಣ್ಣಿಗೆ ಬರುವುದು ಖಾಲಿ ಮೆಟ್ಟಿಲು, ಹಿಂದಿನ ಬೆಂಚಿನ ಹತ್ತು ಹುಡುಗರ ಸಿಳ್ಳೆ, ಅಂತರ ವಿಶ್ವವಿದ್ಯಾಲಯ ಟೂರ್ನಿಗೆ ರೈಲಿನಲ್ಲಿ ಹೋಗಿಬರುವ ತಂಡ. ಅಲ್ಲಿ ಹಾಗಲ್ಲ. ಮಿಷಿಗನ್ ವಿಶ್ವವಿದ್ಯಾಲಯದ ಮೈದಾನದಲ್ಲಿ 1,07,601 ಜನ ಕೂರಬಹುದು. 2011ರ ಜನಗಣತಿಯಲ್ಲಿ ಹರಿಹರದ ಜನಸಂಖ್ಯೆ 83 ಸಾವಿರ ಚಿಲ್ಲರೆ. ಅಂದರೆ ಇಡೀ ಹರಿಹರ ಮನೆಗೆ ಬೀಗ ಹಾಕಿ ಹೋಗಿ ಕೂತರೂ ನೆಂಟರಿಗೆ ಜಾಗ ಮಿಕ್ಕುತ್ತದೆ. ದಾವಣಗೆರೆಯ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಓದಿ ಎಂ.ಎಸ್. ಮಾಡಲು ಅತ್ತ ಹೋದವರಿಗೆ ಶರತ್ಕಾಲದ ಶನಿವಾರ ಎದುರಾಗುವ ಮೊದಲ ಆಶ್ಚರ್ಯ ಇದೇ. ಆಟಗಾರ ವಿದ್ಯಾರ್ಥಿಯಾಗಿರುವುದರಿಂದ ಸಾಮಾನ್ಯವಾಗಿ ನಾಲ್ಕು ಋತು ಆಡಿ ಜಾಗ ಖಾಲಿ ಮಾಡಬೇಕು. ಹಾಗಾಗಿ ಹೊಸ ಕ್ವಾರ್ಟರ್‌ಬ್ಯಾಕ್ ಯಾರು ಎಂಬ ಚರ್ಚೆ ಅಲ್ಲಿ ಹಬ್ಬದ ಹಾಗೆ ಪಂಚಾಂಗದಲ್ಲೇ ಇದೆ.

2018ರ ಜನವರಿ 8. ಅಟ್ಲಾಂಟಾದಲ್ಲಿ ರಾಷ್ಟ್ರೀಯ ಫೈನಲ್, ಅಲಬಾಮಾ ಮತ್ತು ಜಾರ್ಜಿಯಾ ವಿಶ್ವವಿದ್ಯಾಲಯಗಳ ನಡುವೆ. ಅಲಬಾಮಾದ ಕ್ವಾರ್ಟರ್‌ಬ್ಯಾಕ್ ಜೇಲೆನ್ ಹರ್ಟ್ಸ್. ಶುರುವಿನಿಂದ ಆಡಿದ ಪಂದ್ಯಗಳಲ್ಲಿ 26 ಗೆಲುವು, 2 ಸೋಲು. ಅರ್ಧ ಆಟ ಮುಗಿದಾಗ ತಂಡ 0–13 ಹಿಂದೆ. ಕೋಚ್ ನಿಕ್ ಸೇಬನ್ ಹರ್ಟ್ಸ್‌ನನ್ನು ಕೂರಿಸಿ, ಮೊದಲ ವರ್ಷದ ಟುವಾ ಟಾಗೊವೈಲೋವಾ ಎಂಬ ಹವಾಯಿಯ ಹುಡುಗನನ್ನು ಇಳಿಸಿದರು. ಪಂದ್ಯ ಹೆಚ್ಚುವರಿ ಸಮಯಕ್ಕೆ ಹೋಯಿತು. ಹುಡುಗ ಮೊದಲು ಎಡವಟ್ಟು ಮಾಡಿಕೊಂಡು 16 ಗಜ ಹಿಂದಕ್ಕೆ ಬಿದ್ದ. ಮರು ಅವಕಾಶದಲ್ಲೇ 41 ಗಜ ದೂರಕ್ಕೆ ಎಸೆದ. ಡಿವೊಂಟಾ ಸ್ಮಿತ್ ಹಿಡಿದ. 26–23, ಕಪ್ ಅಲಬಾಮಾದ್ದು.

ಅಲ್ಲಿಂದ ಎಂಟು ತಿಂಗಳು ಆ ರಾಜ್ಯದಲ್ಲಿ ಒಂದೇ ಮಾತು. 26 ಪಂದ್ಯ ಗೆದ್ದವನೋ, ಒಂದು ರಾತ್ರಿ ಗೆದ್ದುಕೊಟ್ಟವನೋ? ಸೆಪ್ಟೆಂಬರ್‌ನ ಮೊದಲ ಪಂದ್ಯ ಮುಗಿದ ಕೂಡಲೇ ಟಿವಿ ವರದಿಗಾರ್ತಿಯೊಬ್ಬರು ಈ ಪ್ರಶ್ನೆ ಕೇಳಿದಾಗ ಸೇಬನ್ ಕ್ಯಾಮೆರಾ ಮುಂದೆಯೇ ರೇಗಿ, ಆಮೇಲೆ ಕ್ಷಮೆ ಕೇಳಬೇಕಾಯಿತು. ಜಾಗ ಟುವಾನ ಪಾಲಾಯಿತು. ಹರ್ಟ್ಸ್ ಬೆಂಚಿನಲ್ಲಿ ಕೂತ.

2018ರ ಡಿಸೆಂಬರ್ 1ರಂದು ಅದೇ ಅಟ್ಲಾಂಟಾ, ಅದೇ ಮೈದಾನ, ಅದೇ ಜಾರ್ಜಿಯಾ. ಈ ಸಲ ಕೊನೆಯ ಘಟ್ಟದಲ್ಲಿ ಟುವಾಗೆ ಗಾಯ, ತಂಡ ಹಿಂದೆ. ಬೆಂಚಿನಿಂದ ಎದ್ದುಬಂದ ಹರ್ಟ್ಸ್ ಒಂದು ಬಾರಿ ಎಸೆದು, ಒಂದು ಬಾರಿ ತಾನೇ ಓಡಿ, 35–28ಕ್ಕೆ ಪಂದ್ಯ ಗೆದ್ದುಕೊಟ್ಟ.

ಈಗ ಬೆಂಗಳೂರಿಗೆ ಬರಬೇಕು. ಆರು ವಾರಗಳ ಬಳಿಕ, 2019ರ ಜನವರಿ. ಚಿನ್ನಸ್ವಾಮಿಯಲ್ಲಿ ರಣಜಿ ಕ್ವಾರ್ಟರ್ ಫೈನಲ್, ರಾಜಸ್ಥಾನದ ವಿರುದ್ಧ. ರಾಜಸ್ಥಾನದ 224ಕ್ಕೆ ಉತ್ತರವಾಗಿ ಮನೀಶ್ ಪಾಂಡೆಯ ತಂಡ ಒಂಬತ್ತು ವಿಕೆಟ್ ಕಳೆದುಕೊಂಡು ಇನ್ನೂ ಬಹಳ ಹಿಂದಿತ್ತು. ಕ್ರೀಸ್‌ನಲ್ಲಿ ಇದ್ದದ್ದು ನಾಯಕತ್ವ ಕಳೆದುಕೊಂಡ ವಿನಯ್ ಮತ್ತು ಹನ್ನೊಂದನೆಯವನಾಗಿ ಬಂದ ರೋನಿತ್ ಮೋರೆ. ಇಬ್ಬರೂ ಸೇರಿ ಕೊನೆಯ ವಿಕೆಟ್‌ಗೆ 97 ರನ್ ಸೇರಿಸಿದರು. ಅದರಲ್ಲಿ ಮೋರೆ ಹೊಡೆದದ್ದು ಹತ್ತು. ಉಳಿದ ಹೊರೆ ಹೊತ್ತ ವಿನಯ್ ಅಜೇಯ 83. ಕರ್ನಾಟಕ 263 ಮಾಡಿ ಮುನ್ನಡೆ ಪಡೆದು, ಪಂದ್ಯವನ್ನು 6 ವಿಕೆಟ್‌ಗಳಿಂದ ಗೆದ್ದಿತು. ಗೆಲುವಿನ ಬೆನ್ನಟ್ಟುವಿಕೆಯಲ್ಲಿ ಕೊನೆತನಕ ನಿಂತವರು ಹೊಸ ನಾಯಕ ಪಾಂಡೆ ಮತ್ತು ಕರುಣ್ ನಾಯರ್.

ಒಂದೇ ಪಂದ್ಯದಲ್ಲಿ ಹಳಬನ ಕಡೆಯವರಿಗೂ ಹೊಸಬನ ಕಡೆಯವರಿಗೂ ಪುರಾವೆ ಸಿಕ್ಕಿಬಿಟ್ಟಿತು. ವಾದ ಇತ್ಯರ್ಥವಾಗುವ ಬದಲು ಎರಡು ಪಟ್ಟಾಯಿತು. ‘ನೋಡ್ರಪಾ, ಇಂಥವನನ್ನ ಇಳಿಸಿದ್ರಲ್ಲ!’ ಎಂಬುದಕ್ಕೆ ಆ 83 ಸಾಕ್ಷಿ. ‘ಕ್ಯಾಪ್ಟನ್ಸಿ ಹೊರೆ ಇಲ್ಲದ್ದಕ್ಕೇ ಹಿಂಗ್ ಆಡ್ದ’ ಎಂಬುದಕ್ಕೂ ಅದೇ 83 ಸಾಕ್ಷಿ. ಹೀಗೊಂದು ಅಂಕಿ ಎರಡೂ ಕಡೆ ಹೇಳಿಕೆ ಕೊಡುವುದನ್ನು ಕೋರ್ಟಿನಲ್ಲೂ ನೋಡಲು ಸಿಗದು.

ಸೆಮಿಫೈನಲ್ ಅದೇ ಮೈದಾನದಲ್ಲಿ, ಸೌರಾಷ್ಟ್ರದ ವಿರುದ್ಧ. 279ರ ಗುರಿ ಬೆನ್ನಟ್ಟುತ್ತಿದ್ದ ಚೇತೇಶ್ವರ ಪೂಜಾರ 34ರಲ್ಲಿದ್ದಾಗ ವಿನಯ್ ಎಸೆತ ಬ್ಯಾಟಿನ ಅಂಚಿಗೆ ತಾಗಿ ಕೀಪರ್ ಕೈ ಸೇರಿತು. ಅಂಪೈರ್ ಬೆರಳೆತ್ತಲಿಲ್ಲ, ಪೂಜಾರ ಹೊರನಡೆಯಲಿಲ್ಲ. ಗ್ಯಾಲರಿ ಕೂಗಾಡಿತು. ಪೂಜಾರ ಅಜೇಯ 131, ಶೆಲ್ಡನ್ ಜಾಕ್ಸನ್ 100, ಸೌರಾಷ್ಟ್ರಕ್ಕೆ 5 ವಿಕೆಟ್ ಗೆಲುವು. ಪಂದ್ಯ ಕೈಬಿಟ್ಟದ್ದು ಕ್ಯಾಪ್ಟನ್ ಬದಲಾದದ್ದಕ್ಕೋ, ಬೆರಳು ಏಳದ್ದಕ್ಕೋ ಎಂದು ಕೇಳಿದರೆ ಇಂದಿಗೂ ಉತ್ತರ ಯಾರು ನಿಮ್ಮ ಎದುರಿಗಿದ್ದಾರೆ ಎಂಬುದರ ಮೇಲೆ ನಿಂತಿದೆ.

2019ರ ಜನವರಿಯಲ್ಲೇ ಹರ್ಟ್ಸ್ ಅಲಬಾಮಾ ಬಿಟ್ಟು ಒಕ್ಲಹೋಮಾ ವಿಶ್ವವಿದ್ಯಾಲಯಕ್ಕೆ ಹೋದ. ಅದೇ ವರ್ಷ ವಿನಯ್ ಕರ್ನಾಟಕ ಬಿಟ್ಟು ಪುದುಚೇರಿ ತಂಡ ಸೇರಿದರು. ಹೋಲಿಕೆ ಅಲ್ಲಿಗೆ ಮುಗಿಯುತ್ತದೆ. ಹರ್ಟ್ಸ್‌ಗೆ ಆಗ ಇಪ್ಪತ್ತರ ವಯಸ್ಸು. ಮುಂದೆ ಫಿಲಡೆಲ್ಫಿಯಾ ಈಗಲ್ಸ್ ಪರ ಆಡಿ 2025ರ ಫೆಬ್ರುವರಿಯಲ್ಲಿ ವೃತ್ತಿಪರ ಲೀಗಿನ ಫೈನಲ್ ಆದ ಸೂಪರ್ ಬೌಲ್ ಗೆದ್ದು, ಆ ಪಂದ್ಯದ ಶ್ರೇಷ್ಠ ಆಟಗಾರನೂ ಆದ. ವಿನಯ್ 2021ರ ಫೆಬ್ರುವರಿ 26ರಂದು ನಿವೃತ್ತಿ ಘೋಷಿಸಿದರು. 25 ವರ್ಷ ಓಡಿದ ದಾವಣಗೆರೆ ಎಕ್ಸ್‌ಪ್ರೆಸ್ ನಿವೃತ್ತಿ ಎಂಬ ಸ್ಟೇಷನ್ ತಲುಪಿದೆ ಎಂಬ ಅರ್ಥದ ಮಾತನ್ನು ತಮ್ಮ ಹೇಳಿಕೆಯಲ್ಲಿ ತಾವೇ ಬರೆದಿದ್ದರು. ಅಡ್ಡಹೆಸರನ್ನು ಅಷ್ಟು ಸಲೀಸಾಗಿ ಹೊತ್ತವರು ಕಡಿಮೆ.

ಅಲಬಾಮಾದ ಅಭಿಮಾನಿಗೂ ದಾವಣಗೆರೆಯ ಅಭಿಮಾನಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಅಲ್ಲಿನವರು ಪ್ರತಿ ಎಸೆತವನ್ನೂ ಕಣ್ಣಾರೆ ನೋಡಿ ಜಗಳವಾಡುತ್ತಾರೆ. ರಣಜಿ ಪಂದ್ಯಗಳಲ್ಲಿ ಬಹುಪಾಲು ಟಿವಿಗೇ ಬರುವುದಿಲ್ಲ. ದಾವಣಗೆರೆಯ ವಾದ ನಡೆದದ್ದು ಬೆಳಗಿನ ಪತ್ರಿಕೆಯ ಸ್ಕೋರ್‌ಕಾರ್ಡಿನ ಮೇಲೆ, ಮೊಬೈಲಿನಲ್ಲಿ ಉರುಳುವ ಅಂಕಿಗಳ ಮೇಲೆ. ಫೀಲ್ಡಿಂಗ್ ಹೇಗೆ ನಿಲ್ಲಿಸಿದ್ದ ಎಂಬುದನ್ನು ಕಾಣದೆಯೇ ಆ ಬಗ್ಗೆ ಅರ್ಧ ಗಂಟೆ ಮಾತಾಡಬಲ್ಲವರಿದ್ದಾರೆ. ಇದನ್ನು ಆಡಿಕೊಳ್ಳುವುದು ಸುಲಭ. ಆದರೆ ಅವರು ಮಾತಾಡುತ್ತಿದ್ದುದು ಫೀಲ್ಡಿಂಗ್ ಬಗ್ಗೆ ಆಗಿರಲೇ ಇಲ್ಲ. ಬೆಂಗಳೂರಿನ ಕ್ಲಬ್ಬುಗಳ ಆಚೆಯಿಂದ, ಜಿಲ್ಲೆಯಿಂದ ಬಂದ ಹುಡುಗನೊಬ್ಬ ರಾಜ್ಯದ ತಂಡವನ್ನು ಆಳಬಹುದು ಎಂಬುದು ಎರಡು ಬಾರಿ ಸಾಬೀತಾಗಿತ್ತು. ಗದಗದಿಂದ ಬಂದ ಸುನಿಲ್ ಜೋಶಿ, ಭದ್ರಾವತಿಯಿಂದ ಬಂದ ಜಿ.ಆರ್. ವಿಶ್ವನಾಥ್ ಅವರ ಸಾಲಿನಲ್ಲಿ ಈ ಊರಿಗೂ ಒಂದು ಹೆಸರು ಸಿಕ್ಕಿತ್ತು. ನಾಯಕ ಬದಲಾದರೆ ಆ ಹೆಸರು ಪತ್ರಿಕೆಯ ಮೊದಲ ಸಾಲಿನಿಂದ ಐದನೆಯ ಸಾಲಿಗೆ ಇಳಿಯುತ್ತದೆ. ಸಂಕಟ ಅದರದ್ದು.

ಹಾಗೆ ನೋಡಿದರೆ ಬದಲಾವಣೆಗೆ ಸಮಯ ಬಂದಿತ್ತು ಎಂದೇ ಹೇಳಬೇಕು. 35ರ ಹೊಸ್ತಿಲಲ್ಲಿರುವ ಮಧ್ಯಮ ವೇಗಿಯ ಸುತ್ತ ಮುಂದಿನ ತಂಡ ಕಟ್ಟಲಾಗದು. ನೆಟ್ಸ್‌ನಲ್ಲಿ ಯಾರ ಕಾಲು ಹೇಗಿದೆ ಎಂಬುದು ಆಯ್ಕೆಗಾರರಿಗೆ ಗೊತ್ತಿರುತ್ತದೆ, ಮಂಡಕ್ಕಿ ಅಂಗಡಿಗೆ ಗೊತ್ತಾಗುವುದಿಲ್ಲ. ಆದರೂ ಅಂಗಡಿಯವರ ಬಳಿ ಆಯ್ಕೆಗಾರರ ಬಳಿ ಇಲ್ಲದ ಒಂದು ದಾಖಲೆ ಇದೆ: ಇವನು ಹುಡುಗನಾಗಿದ್ದಾಗ ಎಲ್ಲಿ ಬೌಲ್ ಮಾಡುತ್ತಿದ್ದ ಎಂಬ ನೆನಪು.

ಅಭಿಮಾನದ ಇನ್ನೊಂದು ಮುಖವನ್ನೂ ವಿನಯ್ ಕಂಡವರೇ. 2018ರ ಏಪ್ರಿಲ್‌ನಲ್ಲಿ ಕೋಲ್ಕತ್ತ ನೈಟ್ ರೈಡರ್ಸ್ ಪರ ಚೆನ್ನೈ ವಿರುದ್ಧ ಕೊನೆಯ ಓವರ್‌ನಲ್ಲಿ 17 ರನ್ ಉಳಿಸಿಕೊಳ್ಳಲಾಗಲಿಲ್ಲ. ಮೊದಲ ಎಸೆತವೇ ನೋಬಾಲ್, ಅದಕ್ಕೇ ಸಿಕ್ಸರ್. ಬೈಗುಳ ಎಷ್ಟು ಬಂತೆಂದರೆ, ಇದು ಆಟವಷ್ಟೇ, ಸ್ವಲ್ಪ ಸಮಾಧಾನ ಮಾಡಿಕೊಳ್ಳಿ ಎಂದು ಅವರೇ ಸಾರ್ವಜನಿಕವಾಗಿ ಕೇಳಿಕೊಳ್ಳಬೇಕಾಯಿತು. ಅವತ್ತು ಬೈದವರಲ್ಲಿ ದಾವಣಗೆರೆಯವರು ಇರಲಿಲ್ಲ ಎಂದು ಯಾರೂ ಆಣೆ ಮಾಡಲಾರರು.

ಎಕ್ಸ್‌ಪ್ರೆಸ್ ನಿಂತ ಮೇಲೆ ಈ ಊರಿನ ವಾದ ಹಳಿ ತಪ್ಪಿದೆ. 2009ರಲ್ಲಿ ಕರ್ನಾಟಕ ಪ್ರೀಮಿಯರ್ ಲೀಗ್ ಶುರುವಾದಾಗ ದಾವಣಗೆರೆ ಡೈಮಂಡ್ಸ್ ಎಂಬ ತಂಡವಿತ್ತು; ಹೆಚ್ಚು ಕಾಲ ಬಾಳಲಿಲ್ಲ. ಮ್ಯಾಚ್ ಫಿಕ್ಸಿಂಗ್ ತನಿಖೆಯ ಗದ್ದಲದಲ್ಲಿ 2019ರ ನಂತರ ಆ ಲೀಗೇ ನಿಂತುಹೋಯಿತು. 2022ರಲ್ಲಿ ಬಂದ ಮಹಾರಾಜ ಟ್ರೋಫಿಯ ಆರು ತಂಡಗಳು ಬೆಂಗಳೂರು, ಮೈಸೂರು, ಮಂಗಳೂರು, ಹುಬ್ಬಳ್ಳಿ, ಶಿವಮೊಗ್ಗ, ಕಲಬುರಗಿಯ ಹೆಸರಿನವು. ನಡುಕರ್ನಾಟಕದ ಈ ಊರಿನವರು ಅತ್ತ ಹುಬ್ಬಳ್ಳಿಗೆ ಜೈ ಎನ್ನಬೇಕು, ಇಲ್ಲವೇ ಇತ್ತ ಶಿವಮೊಗ್ಗಕ್ಕೆ. ಹರಿಹರದಲ್ಲಿ ನಿಂತರೆ ಎರಡೂ ದಾರಿ ಕಾಣುತ್ತವೆ, ತನ್ನದೆಂಬ ತಂಡ ಕಾಣುವುದಿಲ್ಲ.

ಉಳಿದದ್ದು ಆರ್‌ಸಿಬಿ. 2025ರ ಫೆಬ್ರುವರಿ 13ರಂದು ರಜತ್ ಪಾಟೀದಾರ್ ಹೊಸ ನಾಯಕ ಎಂದು ಪ್ರಕಟವಾದ ಸಂಜೆ ವಾದಕ್ಕೆ ಬಹಳ ದಿನಗಳ ಮೇಲೆ ಖಾರ ಬಂತು. ಕೊಹ್ಲಿ ತಂಡದಲ್ಲೇ ಇರುವಾಗ ಇಂದೋರ್‌ನ ಈ ಮಿತಭಾಷಿಗೇಕೆ? 2022ರ ಹರಾಜಿನಲ್ಲಿ ಯಾರೂ ಕೊಳ್ಳದೆ ಉಳಿದಿದ್ದವನು. ಅದೇ ವರ್ಷ ನಮ್ಮ ಲವನೀತ್ ಸಿಸೋಡಿಯಾಗೆ ಗಾಯವಾಗಿ ಬದಲಿಯಾಗಿ ಬಂದು ಎಲಿಮಿನೇಟರ್‌ನಲ್ಲಿ ಅಜೇಯ 112 ಹೊಡೆದವನೂ ಅವನೇ, ಎಂದು ಎದುರಿನವರ ಉತ್ತರ. ಜೂನ್ 3ರಂದು ಅಹಮದಾಬಾದಿನಲ್ಲಿ ಪಂಜಾಬ್ ಕಿಂಗ್ಸ್ ವಿರುದ್ಧ 6 ರನ್‌ನಿಂದ ಗೆದ್ದು, 18ನೇ ಋತುವಿನಲ್ಲಿ ಮೊದಲ ಕಪ್ ಬಂತು. ಮರುದಿನ ಚಿನ್ನಸ್ವಾಮಿಯ ಹೊರಗೆ ಕಾಲ್ತುಳಿತದಲ್ಲಿ 11 ಮಂದಿ ಸತ್ತರು. ಆ ವಾರ ಕ್ಯಾಪ್ಟನ್ ವಿಷಯ ಎತ್ತುವ ಮನಸ್ಸು ಯಾರಿಗೂ ಇರಲಿಲ್ಲ.

ದಾವಣಗೆರೆಯ ಹೈಸ್ಕೂಲ್ ಮೈದಾನದಲ್ಲಿ ದೊಡ್ಡ ಟೆನಿಸ್ ಬಾಲ್ ಟೂರ್ನಿಗಳು ಹೊನಲು ಬೆಳಕಿನಲ್ಲಿ ನಡೆಯುತ್ತವೆ. ಬೇರೆ ರಾಜ್ಯಗಳ ತಂಡಗಳೂ ಬರುತ್ತವೆ. ರಾತ್ರಿ ಹನ್ನೊಂದಾದರೂ ಮೆಟ್ಟಿಲು ಖಾಲಿಯಾಗುವುದಿಲ್ಲ. ಇಲ್ಲಿ ಸ್ಕೋರ್‌ಕಾರ್ಡ್ ಕಾಯಬೇಕಾಗಿಲ್ಲ. ಎಲ್ಲವೂ ಕಣ್ಣೆದುರೇ, ಕ್ಯಾಪ್ಟನ್ ಕೂಡ ಕೂಗಿದರೆ ಕೇಳುವಷ್ಟು ಹತ್ತಿರ. ಕೊನೆಯ ಓವರ್‌ಗೆ ಅವನು ಅನುಭವಿಯನ್ನು ಬಿಟ್ಟು ಹೊಸ ಹುಡುಗನೊಬ್ಬನಿಗೆ ಚೆಂಡು ಎಸೆದ ಕೂಡಲೇ ಮೆಟ್ಟಿಲು ಎರಡು ಪಕ್ಷವಾಗುತ್ತದೆ. ‘ಅವನಿಗ್ಯಾಕೋ ಕೊಟ್ಟೆ?’ ಎಂದು ಒಬ್ಬ ಎದ್ದು ನಿಂತು ಕೂಗುತ್ತಾನೆ. ಹಿಂದಿನ ಸಾಲಿನವನು ಅವನ ಅಂಗಿ ಹಿಡಿದು ಕೂರಿಸಿ, ‘ಮೊದ್ಲು ಒಂದ್ ಬಾಲ್ ಹಾಕ್ಲಿ ಬಿಡಲೇ’ ಎನ್ನುತ್ತಾನೆ. ಹುಡುಗ ರನ್‌ಅಪ್‌ನ ಗುರುತಿಗೆ ನಡೆಯುತ್ತಾನೆ.